ಊರು ಹೇಳಿದ್ರು, ಜನ ಹೇಳಲಿಲ್ಲ

ಮಧುಗಿರಿಯಲ್ಲಿ ನಮ್ಮದೊಂದು ಮನೆ ಇದೆ. ಅಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ಕಟ್ಟಿಸಿದ್ದು. ಕೆಳಗೆ ಅಪ್ಪ-ಅಮ್ಮ ಇದ್ದಾರೆ, ಮೇಲಿನದು ಬಾಡಿಗೆಗೆ. ಹೋದ ಜೂನ್‌ನಲ್ಲಿ ಅದು ಖಾಲಿಯಾಯ್ತು. ಚನ್ನರಾಯನದುರ್ಗದಲ್ಲೇ ಅರ್ಧ ಆಯಸ್ಸು ಕಳೆದ ನಮ್ಮಮ್ಮನಿಗೆ ಬಾಡಿಗೆದಾರರನ್ನ ಆರಿಸೋದು ಹೆಣ್ಣು ನೋಡೋಕೆ ಹೋದಷ್ಟೇ ಗಂಭೀರ ವಿಷಯ. ಒಂದು ಭಾನುವಾರ ಫೋನ್ ಮಾಡಿದಳು.

"ಹೈಸ್ಕೂಲ್ ಮೇಷ್ಟ್ರು ಒಬ್ರು ಬಂದಿದ್ರು ಕಣಪ್ಪ. ಗಂಡ ಹೆಂಡ್ತಿ, ಒಂದು ಮಗು. ಅಡ್ವಾನ್ಸ್ ಈಗ್ಲೇ ಕೊಡ್ತೀನಿ ಅಂದ್ರು. ಊರು ಪಾವಗಡದ ಕಡೆ ಅಂತ ಹೇಳಿದ್ರು, ಜನ ಹೇಳಲಿಲ್ಲ. ಎರಡು ಸಲ ಕೇಳ್ದೆ, ನಕ್ಕು ಸುಮ್ಮನಾದ್ರು. ಏನ್ ಮಾಡ್ಲಿ?"

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೊರಟಗೆರೆ, ಶಿರಾ, ಎಲ್ಲಿಗೇ ಹೋಗಿ, "ಯಾವ ಜನ?" ಅನ್ನೋ ಪ್ರಶ್ನೆ ಕುಡಿಯೋಕೆ ನೀರು ಕೊಡೋ ಮುಂಚೆ ಬರುತ್ತೆ. ಕೊರಟಗೆರೆ, ಪಾವಗಡ ಎರಡೂ ಮೀಸಲು ಕ್ಷೇತ್ರಗಳು. ವೋಟು ಹಾಕುವಾಗ ಅಡ್ಡ ಬರದ ಜನ ಬಾಡಿಗೆ ವಿಷಯ ಬಂದಾಗ ಅಡ್ಡ ಬಂದು ನಿಲ್ಲುತ್ತೆ.

"ಹಾಗೆಲ್ಲ ಕೇಳಬಾರದು ಕಣಮ್ಮ, ಕಾನೂನಿದೆ" ಅಂದೆ. ಜೋರಾಗಿಯೇ ಅಂದೆ. ಫೋನ್ ಇಟ್ಟ ಮೇಲೆ ಅನುಮಾನ ಬಂತು, ಯಾವ ಕಾನೂನು? ರಾತ್ರಿ ಕೂತು ಕಾಯ್ದೆಗಳನ್ನ ತೆಗೆದು ಓದಿದೆ. ನಾನು ವಕೀಲ ಅಲ್ಲ, ಬಿಇ ಮುಗಿಸಿ ಕೋಡ್ ಬರೆಯೋನು. ಆದರೆ ಬೇರೆಯವರು ಬರೆದಿದ್ದರಲ್ಲಿ ತೂತು ಹುಡುಕೋದೇ ದಿನದ ಕೆಲಸ ಆದ್ದರಿಂದ ಓದೋ ಅಭ್ಯಾಸ ಇದೆ.

ಮೊದಲು ಬಾಡಿಗೆಯ ಕಾಯ್ದೆಗಳನ್ನೇ ನೋಡಿದೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರಲ್ಲಿ ಯಾವಾಗ ಖಾಲಿ ಮಾಡಿಸಬಹುದು, ಬಾಡಿಗೆ ಹೇಗೆ ಏರಿಸಬಹುದು ಅಂತೆಲ್ಲ ಇದೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇಸ್ಕೊಳ್ಳಬಾರದು ಅಂತಿದೆ. ಜಾತಿ, ಧರ್ಮ ನೋಡಿ ಮನೆ ಇಲ್ಲ ಅನ್ನೋದರ ಬಗ್ಗೆ ಎರಡರಲ್ಲೂ ಏನೂ ಇಲ್ಲ. ಒಳಗೆ ಹೋದವರಿಗೆ ನೂರು ಕಾನೂನು, ಗೇಟಿನ ಹತ್ತಿರ ನಿಂತವರಿಗೆ ಒಂದೂ ಇಲ್ಲ.

ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನ ಹೆಸರಿಸುತ್ತೆ, ಬಾಡಿಗೆ ಮನೆ ಅನ್ನಲ್ಲ. ಆದರೆ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ಬಂದಾಗ, 'ಅಂಗಡಿ' ಅನ್ನೋದನ್ನ ವಿಶಾಲ ಅರ್ಥದಲ್ಲೇ ಬಳಸಿದ್ದೇವೆ, ಸೇವೆ ಕೊಡ್ತೀನಿ ಅಂತ ಕೂತ ಯಾರಿಗೂ ಅದು ಅನ್ವಯಿಸುತ್ತೆ ಅನ್ನೋ ಅರ್ಥದಲ್ಲಿ ಅಂಬೇಡ್ಕರ್ ಉತ್ತರ ಕೊಟ್ಟಿದ್ದರು. 2011ರಲ್ಲಿ ಮೆಡಿಕಲ್ ಕಾಲೇಜೊಂದರ ಪ್ರವೇಶದ ಕೇಸಿನಲ್ಲಿ ಸುಪ್ರೀಂ ಕೋರ್ಟು ಆ ಉತ್ತರವನ್ನೇ ಆಧಾರ ಮಾಡಿಕೊಂಡಿತು. ಹಾಗಾದರೆ 'ಮನೆ ಬಾಡಿಗೆಗಿದೆ' ಅಂತ ಬೋರ್ಡು ನೇತುಹಾಕಿದ ನಮ್ಮನೆ ಅಂಗಡಿ ಅಲ್ಲವಾ? ನನ್ನ ಪ್ರಕಾರ ಹೌದು. ಆದರೆ ಕೊಳ್ಳೋರ ವಿಷಯದಲ್ಲಿ ಅದೇ ಕೋರ್ಟು 2005ರಲ್ಲಿ ಬೇರೆ ದಾರಿ ಹಿಡಿದಿತ್ತು. ಅಹಮದಾಬಾದಿನ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅಂತ ಬೈಲಾ ಮಾಡಿಕೊಂಡಿದ್ದನ್ನ ಎತ್ತಿಹಿಡಿಯಿತು.

ನನಗೆ ನಿಜಕ್ಕೂ ಆಶ್ಚರ್ಯ ಆಗಿದ್ದು 1955ರ ಕಾಯ್ದೆ ಓದಿದಾಗ. ಆಗ ಅದರ ಹೆಸರು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯ್ತು. ಅಸ್ಪೃಶ್ಯತೆ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋಕೆ, ಪಡೆಯೋಕೆ, ವಾಸ ಮಾಡೋಕೆ ಅಡ್ಡಿ ಮಾಡೋದು 4ನೇ ಸೆಕ್ಷನ್ ಪ್ರಕಾರ ಅಪರಾಧ. 12ನೇ ಸೆಕ್ಷನ್ ಇನ್ನೂ ಮುಖ್ಯ. ಪರಿಶಿಷ್ಟ ಜಾತಿಯವರ ಮೇಲೆ ಇಂಥ ಅಪರಾಧ ನಡೆದಿದ್ದರೆ, ಅದು ಅಸ್ಪೃಶ್ಯತೆ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡೋದು ಆರೋಪಿಯ ಕೆಲಸ. 2016ರ ಜನವರಿಯಿಂದ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನ ದೌರ್ಜನ್ಯ ತಡೆ ಕಾಯ್ದೆಗೂ ಸೇರಿಸಿದ್ದಾರೆ, ಐದು ವರ್ಷದವರೆಗೆ ಜೈಲು. ಅಂದರೆ ಕಾನೂನೇ ಇಲ್ಲ ಅನ್ನೋ ಮಾತು ಪೂರ್ತಿ ನಿಜ ಅಲ್ಲ.

ಆದರೆ ಈ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಬಾವಿ ಕಟ್ಟೆ ಅನ್ನಿಸುತ್ತೆ. ಕರ್ನಾಟಕದ ಅಪ್ಪ ಬಾಳು ಇಂಗಳೆ ಪ್ರಕರಣದಲ್ಲಿ ಹೊಸದಾಗಿ ಕೊರೆದ ಬೋರ್‌ವೆಲ್ ನೀರನ್ನ ದಲಿತರು ತಗೊಳ್ಳದ ಹಾಗೆ ಬೆದರಿಸಿ ತಡೆದಿದ್ದರು. ಹೈಕೋರ್ಟು ಬಿಟ್ಟಿದ್ದ ಆರೋಪಿಗಳಿಗೆ ಸುಪ್ರೀಂ ಕೋರ್ಟು ಶಿಕ್ಷೆ ಖಾಯಂ ಮಾಡಿತು. ಅಲ್ಲಿ ತಡೆದದ್ದು ಎಲ್ಲರೆದುರು, ನೋಡಿದವರಿದ್ದರು. ಬಾಡಿಗೆ ಮನೆ ವಿಷಯದಲ್ಲಿ ಯಾರೂ ತಡೆಯಲ್ಲ, ಬೆದರಿಸಲ್ಲ. "ಅಯ್ಯೋ, ನಿನ್ನೆ ತಾನೇ ಕೊಟ್ಬಿಟ್ವಲ್ಲ ಸಾರ್" ಅಂತಾರೆ, ಕಾಫಿ ಬೇಕಾದರೂ ಕೊಡ್ತಾರೆ. ದುರ್ಗದ ಶಾಲೆಯಲ್ಲಿ ನನ್ನ ಜೊತೆ ಓದಿದ, ಕಾಲೋನಿಯ ಗೆಳೆಯ ಒಬ್ಬ ಬೆಂಗಳೂರಲ್ಲಿ ಎರಡು ತಿಂಗಳು ಮನೆ ಹುಡುಕಿದ. ನನಗೆ ಅದೇ ಏರಿಯಾದಲ್ಲಿ ಎರಡೇ ದಿನಕ್ಕೆ ಸಿಕ್ಕಿತ್ತು. "ಐಡಿ ಕಾರ್ಡ್ ತೋರಿಸಿದ್ರೆ ಬ್ಯಾಂಕು ಲೋನ್ ಕೊಡುತ್ತೆ ಕಣೋ, ಓನರ್ ಮನೆ ಕೊಡಲ್ಲ" ಅಂದಿದ್ದ. ಅವನಿಗೆ ಯಾರೂ ಜಾತಿ ಕಾರಣ ಅಂತ ಹೇಳಿರಲಿಲ್ಲ. ಕಂಪ್ಲೇಂಟಲ್ಲಿ ಏನಂತ ಬರೀಬೇಕಿತ್ತು?

12ನೇ ಸೆಕ್ಷನ್ ಇದಕ್ಕೇ ಇರೋದು ಅನ್ನಬಹುದು. ಆದರೆ ಮನೆ ಖಾಲಿ ಇತ್ತು, ಆದರೂ ಇಲ್ಲ ಅಂದರು ಅನ್ನೋದನ್ನಾದರೂ ಮೊದಲು ತೋರಿಸಬೇಕಲ್ಲ. ಅಮೆರಿಕದವರು 1968ರ ವಸತಿ ಕಾಯ್ದೆಯಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ಒಂದೇ ಸಂಬಳ, ಒಂದೇ ಕೆಲಸ ಅಂತ ಹೇಳಿಕೊಳ್ಳೋ ಒಬ್ಬ ಬಿಳಿಯ, ಒಬ್ಬ ಕರಿಯನನ್ನ ಒಂದೇ ಮನೆಗೆ ಬೇರೆ ಬೇರೆಯಾಗಿ ಕಳಿಸ್ತಾರೆ, ಸಿಕ್ಕ ಉತ್ತರಗಳನ್ನ ಹೋಲಿಸ್ತಾರೆ. ಅಪ್ಪಟ ಟೆಸ್ಟಿಂಗ್! ಹಾಗೆ ಹೋಗಿ ಸುಳ್ಳು ಉತ್ತರ ಪಡೆದ ಕರಿಯ ಪರೀಕ್ಷಕರೂ ಕೇಸು ಹಾಕಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿದೆ. ಓನರ್ ಅಲ್ಲೇ ವಾಸ ಇರೋ ಸಣ್ಣ ಕಟ್ಟಡಗಳಿಗೆ ಆ ಕಾಯ್ದೆ ಒಂದಷ್ಟು ವಿನಾಯಿತಿ ಕೊಟ್ಟಿದೆ. ಆದರೆ ಅವರೂ 'ಇಂಥವರಿಗೆ ಮಾತ್ರ' ಅಂತ ಜಾಹೀರಾತು ಹಾಕೋ ಹಾಗಿಲ್ಲ. ನಮ್ಮಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಬೋರ್ಡು ಬೀದಿಗೊಂದಿದೆ. ಅದು ಅಡುಗೆಮನೆ ವಿಷಯ ಅಂತ ನಂಬೋರು ನಂಬಲಿ.

ಮುಸ್ಲಿಂ ಅನ್ನೋ ಕಾರಣಕ್ಕೆ ಬಾಡಿಗೆ ಮನೆ ಕೊಡದಿದ್ದರೆ ಅಪರಾಧ ಅನ್ನೋ ಕೇಂದ್ರ ಕಾಯ್ದೆ ಒಂದೂ ಇಲ್ಲ. ಬರೆಯೋಕೆ ಬರದೆ ಅಲ್ಲ. ಎಚ್‌ಐವಿ ಇರೋರಿಗಾಗಿ 2017ರಲ್ಲಿ, ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರಲ್ಲಿ ಮಾಡಿದ ಕಾಯ್ದೆಗಳಲ್ಲಿ ವಾಸಿಸೋ, ಕೊಳ್ಳೋ, ಬಾಡಿಗೆಗೆ ಪಡೆಯೋ ಹಕ್ಕನ್ನ ನಿರಾಕರಿಸಬಾರದು ಅನ್ನೋ ಮಾತು ಸ್ಪಷ್ಟವಾಗಿದೆ. ಆದರೆ 2019ರ ಕಾಯ್ದೆಯಲ್ಲಿ ಶಿಕ್ಷೆ ಇರೋದು ಇದ್ದ ಮನೆಯಿಂದ ಹೊರಗೆ ಹಾಕಿದವರಿಗೆ. ಮನೆ ಕೊಡದವರಿಗೆ ಇಂಥದ್ದು ಅಂತ ಇಲ್ಲ.

ಮತ್ತೆ ಫೋನ್ ಮಾಡಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅರ್ಧದಲ್ಲೇ ತಡೆದಳು. "ನಂಗೇನೂ ಇಲ್ಲ ಕಣಪ್ಪ, ಮೇಷ್ಟ್ರು ಒಳ್ಳೇರ ಹಂಗೇ ಕಂಡ್ರು. ಅಕ್ಕಪಕ್ಕದವ್ರು ಅರಿಶಿನ ಕುಂಕುಮಕ್ಕೆ ಕರೆಯದಂಗಾದ್ರೆ? ನೀನು ಬೆಂಗಳೂರಲ್ಲಿರ್ತೀಯ, ಆ ಬೀದೀಲಿ ಓಡಾಡೋಳು ನಾನು." ಅದು ನೆಪ ಅಂತ ಅನ್ನಿಸಲಿಲ್ಲ. ಅಮ್ಮನ ಭಯ ನನಗೂ ಗೊತ್ತು. 1955ರ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಆ ಭಯಕ್ಕೂ ಉತ್ತರ ಇದೆ. ಅಸ್ಪೃಶ್ಯತೆ ಆಚರಿಸಲ್ಲ ಅಂದವರನ್ನ ಅವರದೇ ಜನ ಹೊರಗಿಟ್ಟರೆ, ಹೊರಗಿಟ್ಟವರಿಗೂ ಒಂದರಿಂದ ಆರು ತಿಂಗಳು ಜೈಲು. ಜೊತೆಗೆ ದಂಡ ನೂರರಿಂದ ಐನೂರು ರೂಪಾಯಿ, ಇವತ್ತಿಗೂ ಅಷ್ಟೇ. ಅದನ್ನೂ ಓದಿ ಹೇಳಿದೆ.

"ನನ್ನ ವಿಷ್ಯನೂ ಬರ್ದವ್ರಾ ಅದ್ರಲ್ಲಿ?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಫೋನ್ ಮಾಡಿ ಬರೋಕೇಳ್ತೀನಿ" ಅಂದಳು.

ಮೇಷ್ಟ್ರು ಅಷ್ಟರಲ್ಲಿ ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟಿದ್ದರಂತೆ. ಊರಾಚೆ, ಹೊಸ ಲೇಔಟ್‌ನಲ್ಲಿ. ಸ್ಕೂಲಿಗೆ ದೂರ, ಬಾಡಿಗೆ ಸಾವಿರ ಜಾಸ್ತಿ.