ಕ್ಷಮೆಯ ಅಧಿಕಾರವೂ ವಿಳಂಬವೆಂಬ ಹಿಂಸೆಯೂ

ದಂಡಿಸುವ ಅಧಿಕಾರವುಳ್ಳ ಪ್ರಭುವಿಗೆ ಕ್ಷಮಿಸುವ ಅಧಿಕಾರವೂ ಉಂಟೆಂಬುದು ಹಳೆಯ ರಾಜನೀತಿ. ಸಂವಿಧಾನದ 72ನೆಯ ವಿಧಿಯು ಅದನ್ನು ರಾಷ್ಟ್ರಪತಿಗಳಿಗೆ ಒಪ್ಪಿಸಿದೆ. ಆ ಅಧಿಕಾರವನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ನೀಡಿದ ತೀರ್ಪು, ಪುಣಜನೂರಿನಿಂದ ಪಾಲಾರಿನವರೆಗಿನ ಕಾಡಂಚಿನ ಜನರಿಗೆ ದೂರದ ಸಂಗತಿಯಾಗಿರಲಿಲ್ಲ.

1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ವೀರಪ್ಪನ್ ತಂಡವು ಸಿಡಿಸಿದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಈ ಪ್ರಕರಣದ ನಾಲ್ವರಿಗೆ ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮರಣದಂಡನೆಗೆ ಏರಿಸಿತು. ಅವರ ಕ್ಷಮಾಯಾಚನೆಯು ತಿರಸ್ಕೃತವಾದುದು 2013ರ ಫೆಬ್ರವರಿಯಲ್ಲಿ. ನಡುವೆ ಸುಮಾರು ಒಂಬತ್ತು ವರ್ಷಗಳು ಕಳೆದಿದ್ದವು. ಅಕಾರಣವಾದ ದೀರ್ಘ ವಿಳಂಬವು ಚಿತ್ರಹಿಂಸೆಗೆ ಸಮಾನವೆಂದು ಹೇಳಿದ ನ್ಯಾಯಾಲಯವು, ಬಹುಪಾಲು ಈ ಕಾರಣದಿಂದಲೇ, ಇವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು.

ಅಪರಾಧಿಗಳು ಪಾರಾದರೆಂದು ಆಗ ಕೆಲವರು ನೊಂದು ನುಡಿದರು. ಆ ನೋವು ಸಹಜ. ಆದರೆ ತೀರ್ಪು ಅವರ ಅಪರಾಧವನ್ನು ಅಳಿಸಲಿಲ್ಲ, ಸೆರೆಮನೆಯ ಬಾಗಿಲನ್ನು ತೆರೆಯಲೂ ಇಲ್ಲ. ರಾಷ್ಟ್ರಪತಿಗಳ ವಿವೇಚನೆಯ ಜಾಗದಲ್ಲಿ ತನ್ನ ವಿವೇಚನೆಯನ್ನು ನ್ಯಾಯಾಲಯವು ಕೂರಿಸಲಿಲ್ಲ. ವಿಳಂಬದ ಪರಿಹಾರವು ಭಯೋತ್ಪಾದನೆಯ ಅಪರಾಧಿಗಳಿಗೆ ಸಲ್ಲದೆಂಬ 2013ರ ನಿಲುವನ್ನು ತಳ್ಳಿಹಾಕಿತು. ಕ್ಷಮಾಯಾಚನೆ ತಿರಸ್ಕೃತವಾದ ಮೇಲೂ ಗಲ್ಲಿಗೆ ಮುನ್ನ 14 ದಿನಗಳ ಅವಕಾಶವಿರಬೇಕೆಂದಿತು. ಇವು ತೀರ್ಪಿನ ಹಿರಿಮೆಗಳು.

ಕೊರತೆಯೂ ಇದೆ. ಎಷ್ಟು ಕಾಲವಾದರೆ ವಿಳಂಬವೆಂಬುದಕ್ಕೆ ನಿಶ್ಚಿತ ಮಿತಿಯನ್ನು ತೀರ್ಪು ಹಾಕಲಿಲ್ಲ. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು. ಆದುದರಿಂದ ಕಡತವು ಕಚೇರಿಗಳಲ್ಲಿ ಕೊಳೆತರೆ ಹೊಣೆ ಯಾರದೆಂಬುದು ಮಸುಕಾಗಿಯೇ ಉಳಿಯುತ್ತದೆ. ಅದಕ್ಕಿಂತ ಗಹನವಾದ ಮಾತೊಂದಿದೆ: ಈ ನಾಲ್ವರ ಜೀವ ಉಳಿದುದು ಯಾರೋ ದಯೆ ತೋರಿದ್ದರಿಂದಲ್ಲ, ಯಾರೋ ಆಲಸ್ಯ ಮಾಡಿದ್ದರಿಂದ. ಆಲಸ್ಯದಿಂದ ಒದಗಿದ ಜೀವದಾನವನ್ನು ಕರುಣೆಯೆನ್ನಲಾಗದು. ಅದೇ ಆಲಸ್ಯವು ಮಡಿದ 22 ಮಂದಿಯ ಮನೆಯವರನ್ನೂ ಅಷ್ಟು ವರ್ಷ ಕಾಯಿಸಿತೆಂಬುದನ್ನು ಮರೆಯಬಾರದು.

ಪ್ರಮಾದದಿಂದ ಪ್ರಾಣಕ್ಕೆ ನೋವುಂಟುಮಾಡುವುದೇ ಹಿಂಸೆಯೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಶಸ್ತ್ರ ಹಿಡಿಯದ ಕೈಯೂ, ಸಹಿ ಮಾಡಬೇಕಾದ ಕಾಗದವನ್ನು ಬದಿಗೆ ಸರಿಸಿದಾಗ, ಆ ದೋಷಕ್ಕೆ ಪಾತ್ರವಾಗುತ್ತದೆ. ಕ್ಷಮಿಸುವುದಾದರೆ ವಿವೇಕದಿಂದ ಕ್ಷಮಿಸಬೇಕು, ನಿರಾಕರಿಸುವುದಾದರೆ ಸಕಾಲದಲ್ಲಿ ನಿರಾಕರಿಸಬೇಕು. ರಾಷ್ಟ್ರದ ಪರಮೋಚ್ಚ ಪೀಠಕ್ಕೆ ಸಲ್ಲುವ ಈ ನಿಯಮವು, ಅನ್ಯರ ಅಹವಾಲನ್ನು ಕೇಳುವ ಸ್ಥಾನದಲ್ಲಿರುವ ಪ್ರತಿಯೊಬ್ಬ ಧರ್ಮದರ್ಶಿಗೂ ಗೃಹಸ್ಥನಿಗೂ ಸಲ್ಲುತ್ತದೆ.