ಆಸ್ಟಿಯೋಪ್ರೋಟೆಜೆರಿನ್: ಒಂದು ನಾಮವಿಮರ್ಶೆ

ಶಾಸ್ತ್ರದಲ್ಲಿ ಸಂಜ್ಞೆಯು ಲಕ್ಷ್ಯವನ್ನು ಮೀರಿ ಅನ್ಯತ್ರ ಹರಿದರೆ ಅತಿವ್ಯಾಪ್ತಿಯೆಂದೂ, ಲಕ್ಷ್ಯದ ಒಂದಂಶದಲ್ಲಿಯೇ ನಿಂತರೆ ಅವ್ಯಾಪ್ತಿಯೆಂದೂ ಪ್ರಾಚೀನರು ದೋಷವನ್ನೆಣಿಸಿದರು. ಈ ಒರೆಗಲ್ಲಿಗೆ ಆಧುನಿಕ ಜೀವಶಾಸ್ತ್ರದ ಹೆಸರುಗಳನ್ನೂ ಹಚ್ಚಿ ನೋಡಬಹುದು. ಕನ್ನಡದಲ್ಲಿ ವಿಜ್ಞಾನವನ್ನು ಬೋಧಿಸುವವರಿಗೆ ಇದು ಕೇವಲ ವಿನೋದವಲ್ಲ.

೧೯೯೭ರಲ್ಲಿ ಅಮೆರಿಕದ ಆಮ್ಜೆನ್ ಸಂಸ್ಥೆಯ ಸಂಶೋಧಕರು ಒಂದು ಪ್ರೋಟೀನನ್ನು ವರ್ಣಿಸಿ ಅದಕ್ಕೆ ಆಸ್ಟಿಯೋಪ್ರೋಟೆಜೆರಿನ್ ಎಂದು ಹೆಸರಿಟ್ಟರು. ಪೂರ್ವಪದವು ಎಲುಬೆಂಬರ್ಥದ ಗ್ರೀಕ್ ಶಬ್ದ. ಉತ್ತರಪದವು ರಕ್ಷಿಸುವುದೆಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಕನ್ನಡ ವೈಯಾಕರಣರ ದೃಷ್ಟಿಯಲ್ಲಿ ಇದು ಅರಿಸಮಾಸವೇ ಸರಿ. ಆದರೆ ಬಳಕೆಯಲ್ಲಿ ನೆಲೆಗೊಂಡ ಅರಿಸಮಾಸಗಳನ್ನು ನಮ್ಮವರೂ ಒಪ್ಪಿರುವುದರಿಂದ ಇದನ್ನು ದೊಡ್ಡ ದೋಷವೆನ್ನಲಾಗದು. ವಿಚಾರಣೀಯವಾದುದು ಅರ್ಥ.

ಎಲುಬನ್ನು ಕಟ್ಟುವ ಕಣಗಳು ರ್‍ಯಾಂಕ್‌ಎಲ್ ಎಂಬ ಸಂಕೇತದ್ರವ್ಯವನ್ನು ಹೊರಪಡಿಸುತ್ತವೆ. ಅದು ಪೂರ್ವಗಾಮಿ ಕಣಗಳ ಮೇಲಿನ ರ್‍ಯಾಂಕ್ ಎಂಬ ಗ್ರಾಹಕಕ್ಕೆ ಹತ್ತಿದಾಗ ಅವು ಎಲುಬನ್ನು ಕರಗಿಸುವ ಅಸ್ಥಿಭಂಜಕ ಕಣಗಳಾಗಿ ಪರಿಣಮಿಸುತ್ತವೆ. ಆಸ್ಟಿಯೋಪ್ರೋಟೆಜೆರಿನ್ ಸುಳ್ಳುಗ್ರಾಹಕದಂತೆ ನಡುವೆ ನಿಂತು ಆ ಸಂಕೇತವನ್ನು ತಾನೇ ಹಿಡಿದುಬಿಡುತ್ತದೆ. ಆದುದರಿಂದ ಅದರ ರಕ್ಷಣೆಯು ಸಾಕ್ಷಾತ್ತಾದುದಲ್ಲ, ಪರಂಪರಾಪ್ರಾಪ್ತವಾದುದು. ಎಲುಬನ್ನು ಕಾಪಾಡುವ ಬೇರೆ ದ್ರವ್ಯಗಳೂ ಇರುವುದರಿಂದ ಹೆಸರು ಅತಿವ್ಯಾಪ್ತವಾಯಿತು. ಇದೇ ಪ್ರೋಟೀನು ಕಣಗಳ ಮರಣಕ್ಕೆ ಕಾರಣವಾಗುವ ಟ್ರೇಲ್ ಎಂಬುದನ್ನೂ ಹಿಡಿಯುವುದರಿಂದ ಅವ್ಯಾಪ್ತವೂ ಆಯಿತು.

ಇದಕ್ಕಿಂತ ಗುರುತರವಾದುದು ಹೆಸರಿನೊಳಗಣ ಪ್ರಶಂಸೆ. ಈ ಪ್ರೋಟೀನಿಲ್ಲದ ಇಲಿಗಳಲ್ಲಿ ಎಲುಬು ಸವೆದು ಟೊಳ್ಳಾಗುವುದು ನಿಜ. ಆದರೆ ಇದು ಅತಿಯಾದ ಇಲಿಗಳಲ್ಲಿ ಎಲುಬು ಮಿತಿಮೀರಿ ದಟ್ಟವಾಗುವುದೂ ಅಷ್ಟೇ ನಿಜ. ಹಳೆಯ ಎಲುಬು ಕರಗದೆ ಹೊಸದಕ್ಕೆ ಎಡೆಯಿಲ್ಲ. ಹೀಗಿರಲು ಒಂದನ್ನು ರಕ್ಷಕನೆಂದೂ ಇನ್ನೊಂದನ್ನು ಭಕ್ಷಕನೆಂದೂ ಬೋಧಿಸಿದರೆ ವಿದ್ಯಾರ್ಥಿಯು ಸಮತೋಲದ ತತ್ತ್ವವನ್ನು ಬಿಟ್ಟು ದೇವಾಸುರರ ಕಥೆಯನ್ನು ಕಲಿತಂತಾಗುವುದು.

ಅದೇ ೧೯೯೭ರಲ್ಲಿ ಜಪಾನಿನ ವಿದ್ವಾಂಸರು ಇದೇ ಪ್ರೋಟೀನಿಗೆ ಅಸ್ಥಿಭಂಜಕೋತ್ಪತ್ತಿನಿರೋಧಕವೆಂಬರ್ಥದ ಹೆಸರನ್ನಿತ್ತಿದ್ದರು. ಅದು ವ್ಯಾಪಾರವನ್ನು ನಿಷ್ಪಕ್ಷಪಾತವಾಗಿ ಹೇಳುತ್ತದೆ, ಆದರೆ ಲಾಘವವಿಲ್ಲ. ೨೦೦೦ದಲ್ಲಿ ಅಮೆರಿಕದ ಅಸ್ಥಿ-ಖನಿಜ ಸಂಶೋಧನಸಂಘದ ಸಮಿತಿಯು ಆಸ್ಟಿಯೋಪ್ರೋಟೆಜೆರಿನ್ ಎಂಬುದನ್ನೇ ಎತ್ತಿಹಿಡಿಯಿತು. ಯೋಗವು ಸೋತು ರೂಢಿಯು ಗೆದ್ದಿತು.

ಪ್ರಯೋಗಶಾಲೆಗಳಿಗೆಂದು ಸಿದ್ಧವಾಗುವ ಇದರ ರೂಪಕ್ಕೆ 'ಪುನಃಸಂಯೋಜಿತ' ಎಂಬ ವಿಶೇಷಣ ಸೇರುತ್ತದೆ. ಇಲ್ಲಿ ಎಚ್ಚರ ಬೇಕು. ಪುನಃಸಂಯೋಗ ಹೊಂದಿದುದು ಪ್ರೋಟೀನಲ್ಲ, ಅದನ್ನು ವಿಧಿಸುವ ಡಿ.ಎನ್.ಎ. ಮಾನವನ ಜೀನನ್ನು ಅನ್ಯಕಣಗಳಲ್ಲಿ ಸೇರಿಸಿ, ಅವು ತಯಾರಿಸಿದ ಪ್ರೋಟೀನನ್ನು ಶೋಧಿಸಿಕೊಳ್ಳುತ್ತಾರೆ. ಕಾರಣದ ಧರ್ಮವನ್ನು ಕಾರ್ಯದಲ್ಲಿ ಹೇಳಿದ ಈ ಪ್ರಯೋಗವು ಲಕ್ಷಣೆಯಿಂದ ಸಾಧು. ವಾಚ್ಯಾರ್ಥವನ್ನೇ ಹಿಡಿದರೆ, ಒಡೆದ ಪ್ರೋಟೀನನ್ನು ಮತ್ತೆ ಕೂಡಿಸಿದರೆಂಬ ಭ್ರಾಂತಿಯುಂಟಾಗುವುದು.

ಆದಕಾರಣ ಕನ್ನಡದಲ್ಲಿ ರೂಢನಾಮವನ್ನು ಹಾಗೆಯೇ ಕನ್ನಡಲಿಪಿಯಲ್ಲಿ ಉಳಿಸಿಕೊಂಡು, ವಿವರಣೆಯಲ್ಲಿ 'ಅಸ್ಥಿರಕ್ಷಕ' ಎನ್ನುವುದರ ಬದಲು 'ಅಸ್ಥಿವಿಲಯನಿಯಾಮಕ' ಎನ್ನುವುದು ಯುಕ್ತ. ರಕ್ಷಕನೆಂಬ ಮಾತು ಸ್ತುತಿ, ನಿಯಾಮಕವೆಂಬುದು ಲಕ್ಷಣ. ಪಾಠಪುಸ್ತಕಕ್ಕೆ ಬೇಕಾದುದು ಎರಡನೆಯದು.