ಕಲ್ಲಿನಿಂದ ಎಲುಬು ಬಿಡಿಸುವ ಕೆಲಸ

ಡೈನೋಸಾರ್ ಎಲುಬು ಸಿಗಬೇಕಾದರೆ ಕೆಸರು, ಮರಳು ಪದರಗಟ್ಟಿ ಕಲ್ಲಾದ ನೆಲ ಬೇಕು. ಅದೂ ಸುಮಾರು 23 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನದಾಗಿರಬೇಕು. ನಾಗಲಮಡಿಕೆಯ ಉತ್ತರ ಪಿನಾಕಿನಿ ದಡದ ಬಂಡೆಗಳಾಗಲಿ, ಪಾವಗಡ, ಮಧುಗಿರಿಯ ಬೆಟ್ಟಗಳಾಗಲಿ ಈ ಲೆಕ್ಕಕ್ಕೆ ಬರುವುದಿಲ್ಲ. ಅವೆಲ್ಲ ನೆಲದಾಳದಲ್ಲಿ ಬೆಂದು ಹರಳುಗಟ್ಟಿದ ಗ್ರಾನೈಟ್, ನೈಸ್ ಶಿಲೆಗಳು. ವಯಸ್ಸು 250 ಕೋಟಿ ವರ್ಷಗಳ ಆಸುಪಾಸು. ಎಲುಬುಳ್ಳ ಪ್ರಾಣಿಯೇ ಹುಟ್ಟಿರದ ಕಾಲದ ಕಲ್ಲನ್ನು ಎಷ್ಟು ಒಡೆದರೂ ಸಿಗುವುದು ಜಲ್ಲಿಯೇ. ಈ ಸೀಮೆಯ ಆಸಕ್ತರು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರ ನೋಡುವುದು ಸುಲಭ.

ಅದು ಗೋದಾವರಿ ಕಣಿವೆಯ ಯಾಮನಪಲ್ಲಿಯದು. ಆಗ ಆದಿಲಾಬಾದ್ ಜಿಲ್ಲೆ. 1970ರ ದಶಕದ ಕೊನೆಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅಲ್ಲಿ ಅಗೆದಾಗ ಕನಿಷ್ಠ 12 ಪ್ರಾಣಿಗಳ ಎಲುಬುಗಳು ಚೆಲ್ಲಾಪಿಲ್ಲಿಯಾಗಿ ದೊರೆತವು. ವಿಜ್ಞಾನಿ ಪಿ. ಯಾದಗಿರಿ 1988ರಲ್ಲಿ ಅದಕ್ಕೆ ಹೆಸರಿಟ್ಟರು.

ಎಲುಬು ಕಂಡ ಕೂಡಲೇ ಕೀಳುವಂತಿಲ್ಲ. ನೆಲಕ್ಕೆ ದಾರ ಕಟ್ಟಿ ಚೌಕ ಮಾಡಿ, ಯಾವುದು ಎಲ್ಲಿ, ಯಾವ ದಿಕ್ಕಿಗೆ ಮಲಗಿದೆ ಎಂದು ನಕ್ಷೆ ಬರೆಯಬೇಕು. ಈ ಹಾಳೆ ಕಳೆದರೆ ಎಲುಬಿನ ಅರ್ಧ ಬೆಲೆ ಹೋದಂತೆ. ಆಮೇಲೆ ಸುತ್ತ ಕಾಲುವೆ ತೋಡಿ, ಎಲುಬು ಮಣ್ಣಿನ ಪೀಠದ ಮೇಲೆ ನಿಲ್ಲುವಂತೆ ಬಿಡುತ್ತಾರೆ. ಮೇಲೆ ಒದ್ದೆ ಕಾಗದ ಹೊದಿಸಿ, ಗೋಣಿತಟ್ಟಿನ ಪಟ್ಟಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಸುತ್ತುತ್ತಾರೆ, ಮುರಿದ ಕೈಗೆ ಹಾಕುವ ಕಟ್ಟಿನ ಹಾಗೆ. ಕಾಗದ ಮರೆತರೆ ಪ್ಲಾಸ್ಟರ್ ಎಲುಬಿಗೇ ಅಂಟಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಬುಡ ಕಡಿದು ಒಮ್ಮೆಲೇ ಮಗುಚಬೇಕು. ಎದೆ ಡವಗುಟ್ಟುವ ಗಳಿಗೆ ಇದೇ. ಮಗುಚಿದ ಮೇಲೆ ಅಡಿಭಾಗಕ್ಕೂ ಹೊದಿಕೆ.

ಅಗೆತ ವಾರಗಳಲ್ಲಿ ಮುಗಿದರೂ ಪ್ರಯೋಗಾಲಯದ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ಗಾಳಿಯ ಒತ್ತಡದಲ್ಲಿ ಅದುರುವ ಸಣ್ಣ ಉಳಿ, ದಂತವೈದ್ಯರ ಕೊಕ್ಕೆ, ಸೂಜಿಗಳಿಂದ ಕಲ್ಲನ್ನು ಚೂರುಚೂರೇ ಕೆರೆಯುತ್ತಾರೆ. ಸುಣ್ಣದ ಅಂಶವಿರುವ ಕಲ್ಲಾದರೆ ತೆಳು ಅಸಿಟಿಕ್ ಆಮ್ಲದಲ್ಲಿ ನೆನೆಸುವುದೂ ಉಂಟು. ಬಿರುಕಿಗೆ ಅಸಿಟೋನಿನಲ್ಲಿ ಕರಗಿಸಿದ ಅಕ್ರಿಲಿಕ್ ಅಂಟು ಉಣಿಸುತ್ತಾರೆ. ಮುಂದೆ ಬೇಕೆಂದರೆ ಅದನ್ನು ಮತ್ತೆ ಕರಗಿಸಿ ತೆಗೆಯಬಹುದು. ಬಿಡಿಸಲಾಗದ ಅಂಟು ಬಳಸುವವನಿಗೆ ಈ ಕಸುಬು ಬೇಡ.

ಅಸ್ಥಿಪಂಜರ ನಿಲ್ಲಿಸುವಾಗ ಭಾರ ಹೊರುವುದು ಉಕ್ಕಿನ ಚೌಕಟ್ಟು. ಹಿಂದೆ ಎಲುಬಿಗೇ ತೂತು ಕೊರೆದು ಕಂಬಿ ತೂರಿಸುತ್ತಿದ್ದರು. ಈಗ ಒಂದೊಂದು ಎಲುಬಿಗೂ ಹೊಂದುವ ಕೊಕ್ಕೆ ಬಾಗಿಸಿ ಕೂರಿಸುತ್ತಾರೆ. ಸಂಶೋಧಕರು ಕೇಳಿದರೆ ಆ ಒಂದನ್ನೇ ಇಳಿಸಿಕೊಡಬಹುದು. ಇಲ್ಲದ ಭಾಗವನ್ನು ಅಚ್ಚಿನಲ್ಲಿ ಎರಕ ಹೊಯ್ದು ತುಂಬುತ್ತಾರೆ. ಅದಕ್ಕೆ ತುಸು ಬೇರೆ ಬಣ್ಣ ಬಳಿಯುವುದೇ ಪ್ರಾಮಾಣಿಕ ಪದ್ಧತಿ. ಹಾಗೆ ತುಂಬಿದ ಭಾಗಕ್ಕೆ ತಲೆಯೇ ಉದಾಹರಣೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ನಿಂತಿರುವ ಬರಪಾಸಾರಸ್ ಎಂಬ ಡೈನೋಸಾರ್ ಕೂಡ ಗೋದಾವರಿ ಕಣಿವೆಯದೇ. ಸುಮಾರು 300 ಎಲುಬು, ಕನಿಷ್ಠ ಆರು ಪ್ರಾಣಿಗಳವು, ಸಿಕ್ಕರೂ ತಲೆಬುರುಡೆ ಸಿಗಲಿಲ್ಲ. ಕೋಟಾಸಾರಸ್‌ನದೂ ಇದೇ ಕಥೆ, ಹಲ್ಲು ಮಾತ್ರ. ಆದ್ದರಿಂದ ಎರಡೂ ಕಡೆ ಬಹುಜನ ಮೊದಲು ನೋಡುವ ತಲೆ, ಸಂಬಂಧಿ ಪ್ರಾಣಿಗಳನ್ನು ನೋಡಿ ಊಹಿಸಿದ್ದು. ಕಣ್ಣು ಪಳಗಿದವರು ಬೆನ್ನುಮಣಿ, ತೊಡೆಮೂಳೆಗಳತ್ತ ಮೊದಲು ಹೋಗುತ್ತಾರೆ.